ಗಂಜಿ ಹಾಕಿದ ಕೂದಲು

ನನಗೆ ಒಂದು ಕಡೆ ಸುಮ್ಮನೆ ಕೂರಲು ಬರುವುದಿಲ್ಲ. ನನ್ನ ಕೂದಲಿಗೂ ಅಷ್ಟೇ. ನಮ್ಮ ಕಡೆಯ ಸರ್ಕಾರಿ ಶಾಲೆಗಳಲ್ಲಿ ಹೆಣ್ಣುಮಕ್ಕಳು ಎರಡು ಜಡೆ ಹೆಣೆದು, ಅವನ್ನು ಮಡಚಿ, ಕಿವಿಯ ಹತ್ತಿರ ರಿಬ್ಬನ್ ಕಟ್ಟಿಕೊಂಡು ಹೋಗಬೇಕು. ಅಮ್ಮ ಅರ್ಧ ಬಟ್ಟಲು ಎಣ್ಣೆ ಸುರಿದು, ಬಾಚಣಿಗೆಯ ಹಲ್ಲು ಮುರಿಯುವಷ್ಟು ಒತ್ತಿ ಬಾಚಿ ಕಳಿಸುತ್ತಿದ್ದಳು. ಪ್ರಾರ್ಥನೆ ಮುಗಿಯುವುದರೊಳಗೆ ಹಣೆಯ ಮೇಲೆ, ಕಿವಿಯ ಹಿಂದೆ, ಎಲ್ಲ ಕಡೆ ಗುಂಗುರು ಎದ್ದು ನಿಂತಿರುತ್ತಿತ್ತು. ಟೀಚರ್ ದಿನವೂ ಹೊಸದಾಗಿ ನೋಡಿದವರಂತೆ ಬೈಯುತ್ತಿದ್ದರು.

ಅಮ್ಮ ಇದಕ್ಕೆ ದೇವರನ್ನೇ ಹಿಡಿದಳು. ತಲೆ ಬೋಳಿಸಿದರೆ ಹೊಸ ಕೂದಲು ನೆಟ್ಟಗೆ ಬರುತ್ತದೆಂದು ಯಾರೋ ಹೇಳಿದರು. ಮನೆದೇವರಿಗೆ ಹರಕೆ ಹೊತ್ತು ಮುಡಿ ಕೊಡಿಸಿದಳು. ಒಂದಲ್ಲ, ಮೂರು ಸಲ. ಮೂರು ಸಲವೂ ದೇವರು ತಾನು ಮೊದಲು ಕೊಟ್ಟದ್ದನ್ನೇ ಮತ್ತೆ ಕೊಟ್ಟ. ಮೂರನೆಯ ಸಲ ಸುರುಳಿ ಇನ್ನೂ ಬಿಗಿಯಾಗಿ ಬಂದಾಗ ಅಮ್ಮ, "ಓಗ್ಲಿ ಬುಡು, ನಿನ್ ಕೂದ್ಲ ಸಾವಾಸ ದೇವ್ರಿಗೂ ಬ್ಯಾಡ್ವಂತೆ" ಅಂದು ಕೈಬಿಟ್ಟಳು. ನಾನು ಕೈಬಿಡಲಿಲ್ಲ.

ನಮ್ಮದು ತಮಿಳು ಸೀಮೆಯ ಕಂಬೈನಲ್ಲೂರಿನ ಪಕ್ಕದ ಹಳ್ಳಿ, ಮನೆಮಾತು ಕನ್ನಡ. ಓದಿಗೆ ಸೇಲಂಗೆ ಬಂದೆ. ಅಮ್ಮ ನನ್ನನ್ನು ಸೇಲಂನಲ್ಲಿ ಬಿಡಲು ಒಪ್ಪಿದ್ದು ಒಂದೇ ಕಾರಣಕ್ಕೆ: ನಾನು ಬಾಡಿಗೆಗಿದ್ದ ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದರು. ನೇಯುವವರ ಮನೆ ಅದು. ಕೆಳಗೆ ಮಗ್ಗ, ಮೇಲೆ ನನ್ನ ಸಣ್ಣ ಕೋಣೆ. ಮನೆಯ ಯಜಮಾನಿ ಒಬ್ಬ ಅಜ್ಜಿ. ಬೀದಿಯವರ ಜೊತೆ, ಹಾಲಿನವನ ಜೊತೆ, ಕರೆಂಟ್ ಆಫೀಸಿನವರ ಜೊತೆ ಅವಳದು ತಮಿಳು. ಹೊಸಿಲು ದಾಟಿ ಒಳಗೆ ಬಂದವರ ಜೊತೆ ಕನ್ನಡ. ಮೊದಲ ದಿನವೇ ನನ್ನ ತಲೆ ನೋಡಿ, "ಏನಮ್ಮಿ ಇದು, ಸಿಕ್ಕಾದ ನೂಲಿನ ಉಂಡೆ ಇದ್ದಂಗೈತೆ" ಅಂದಳು. ಅಂದಿನಿಂದ ನಾನು ಅವಳಿಗೆ ಗುಂಗುರು. ನನ್ನ ನಿಜವಾದ ಹೆಸರು ಅವಳು ಕರೆದದ್ದು ನೆನಪಿಲ್ಲ.

ಡಿಗ್ರಿ ಮುಗಿದ ಮೇಲೆ ಅಮ್ಮ ಗಡುವು ಕೊಟ್ಟಳು. ಆಡಿ ತಿಂಗಳಲ್ಲಿ, ಅಂದರೆ ತಮಿಳರ ಆಷಾಢದಲ್ಲಿ, ನಮ್ಮ ಕಡೆ ಮದುವೆ ಮಾತು ಎತ್ತುವುದಿಲ್ಲ. ಆ ಒಂದು ತಿಂಗಳು ನನ್ನದು. ಅದು ಕಳೆದು ಮುಂದಿನ ತಿಂಗಳು ಆವಣಿ ಹುಟ್ಟುವುದರೊಳಗೆ ಕೆಲಸ ಸಿಕ್ಕಬೇಕು, ಇಲ್ಲದಿದ್ದರೆ ಊರಿಗೆ ಬಂದು ಅವರು ನೋಡಿಟ್ಟ ಗಂಡಿನ ಮುಂದೆ ಕಾಫಿ ಲೋಟ ಹಿಡಿದು ನಿಲ್ಲಬೇಕು. ನನಗೆ ಊರಿನ ಮೇಲೆ ಕೋಪವಿರಲಿಲ್ಲ. ಆದರೆ ಹಾಗೆ ನಿಲ್ಲುವುದನ್ನು ನೆನೆದರೆ ಕಾಲು ತಾನಾಗಿ ಮೆಟ್ಟಿಲು ಹತ್ತಿ ಇಳಿಯಲು ಶುರುಮಾಡುತ್ತಿತ್ತು. ದಿನಕ್ಕೆ ಎಷ್ಟು ಸಲ ಹತ್ತಿ ಇಳಿದೆನೋ. ಕೊನೆಗೆ ಆಡಿಯ ಕೊನೆಯ ವಾರ ಒಂದು ದೊಡ್ಡ ಬೆಳ್ಳಿ ಅಂಗಡಿಯಿಂದ ಇಂಟರ್‌ವ್ಯೂಗೆ ಕರೆ ಬಂತು. ಕಾಲ್ಗೆಜ್ಜೆಯ ಕೌಂಟರಿನಲ್ಲಿ ಕೂರುವ ಕೆಲಸ. ಕರ್ನಾಟಕದಿಂದ ಗಿರಾಕಿಗಳು ಬರುವುದರಿಂದ ಕನ್ನಡ ಗೊತ್ತಿದ್ದರೆ ಒಳ್ಳೆಯದು ಅಂದಿದ್ದರು. ಅಲ್ಲಿ ಕೆಲಸಕ್ಕಿದ್ದ ಹುಡುಗಿಯರನ್ನು ಗಾಜಿನ ಹೊರಗಿನಿಂದ ಹೋಗಿ ನೋಡಿಬಂದೆ. ಎಲ್ಲರ ಕೂದಲೂ ಬೆನ್ನ ಮೇಲೆ ಮಡಿಕೆ ಮುರಿಯದ ಬಟ್ಟೆಯ ಹಾಗೆ ಬಿದ್ದಿತ್ತು.

ಪಾರ್ಲರಿಗೆ ಹೋಗಲು ಧೈರ್ಯವೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಇಂಟರ್‌ವ್ಯೂ ಮಾರನೆಯ ದಿನ. ಫೋನಿನಲ್ಲಿ ವಿಡಿಯೋ ನೋಡುತ್ತ ಕೂತೆ. ತೆಂಗಿನ ಹಾಲು, ನಿಂಬೆರಸ, ಕಾರ್ನ್‌ಫ್ಲೋರ್ ಕುದಿಸಿ ಹಚ್ಚಿದರೆ ಮನೆಯಲ್ಲೇ ಕೂದಲು ನೆಟ್ಟಗಾಗುತ್ತದೆ ಎಂದು ಒಬ್ಬಳು ನಗುನಗುತ್ತ ಹೇಳುತ್ತಿದ್ದಳು. ಅವಳ ಕೂದಲು ಮೊದಲೇ ನೆಟ್ಟಗಿತ್ತು ಎಂಬುದು ನನಗೆ ಆಗ ಹೊಳೆಯಲಿಲ್ಲ. ಕಾರ್ನ್‌ಫ್ಲೋರ್ ತರಲು ಎದ್ದವಳು ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಕೆಳಗೆ ಅಜ್ಜಿಯ ಡಬ್ಬದಲ್ಲಿ ಸಬ್ಬಕ್ಕಿ ಹಿಟ್ಟು ಇದ್ದೇ ಇತ್ತಲ್ಲ.

ಆ ಹಿಟ್ಟು ಅಡುಗೆಗಲ್ಲ, ನೂಲಿಗೆ. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ಎಳೆಗಳನ್ನು ಬೆಳಿಗ್ಗೆ ಬೀದಿಯುದ್ದಕ್ಕೂ ಎಳೆದು ಕಟ್ಟುತ್ತಾರೆ. ತಮಿಳಿನಲ್ಲಿ ಅದಕ್ಕೆ ಪಾವು ಅನ್ನುತ್ತಾರೆ, ಅಜ್ಜಿಯೂ ಹಾಗೇ ಅನ್ನುತ್ತಿದ್ದಳು. ಅದಕ್ಕೆ ಗಂಜಿ ಹಚ್ಚಿ, ದೊಡ್ಡ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ತೀಡಿ, ಬಿಗಿಯಾಗಿ ಹಿಡಿದು ಒಣಗಿಸಿದರೆ ಮುದುರಿದ ನೂಲು ತಂತಿಯ ಹಾಗೆ ನಿಲ್ಲುತ್ತದೆ. ಮೂರು ವರ್ಷ ದಿನಾ ಕಾಲೇಜಿಗೆ ಹೋಗುವಾಗ ಅದರ ಕೆಳಗೆ ಬಗ್ಗಿ ದಾಟಿದವಳು ನಾನು. ನೂಲು ಕೇಳುವ ಮಾತನ್ನು ಕೂದಲು ಯಾಕೆ ಕೇಳಬಾರದು? ಇಷ್ಟು ಸುಲಭದ ಉಪಾಯ ಈ ಬೀದಿಯಲ್ಲಿ ಯಾರಿಗೂ ಹೊಳೆದಿಲ್ಲವಲ್ಲ ಎಂದು ಹೆಮ್ಮೆಪಟ್ಟೆ.

ಅಜ್ಜಿ ಮಗ್ಗದಲ್ಲಿದ್ದಳು. ಸದ್ದು ಮಾಡದೆ ಹಿಟ್ಟು ತಂದು, ಕದಡಿ, ಗಟ್ಟಿಯಾಗಿ ಕುದಿಸಿದೆ. ಬಿಸಿ ಆರುವವರೆಗೂ ಕಾಯಲಾರದೆ ಬೆರಳು ಸುಟ್ಟುಕೊಂಡೇ ಹಚ್ಚಿದೆ. ಬುಡದಿಂದ ತುದಿಯವರೆಗೆ ಬಾಚಿ ಎಳೆದೆ. ಪಾವನ್ನು ಬಿಗಿಯಾಗಿ ಹಿಡಿಯುವಂತೆ ಹಿಡಿಯಲು ಯಾರೂ ಇರಲಿಲ್ಲ. ಕೂದಲ ತುದಿಗೆ ರಬ್ಬರ್ ಬ್ಯಾಂಡ್ ಹಾಕಿ ನನ್ನ ಟ್ರಂಕಿನ ಬೀಗ ಕಟ್ಟಿದೆ. ಮಂಚದ ಮೇಲೆ ಮಲಗಿ, ತಲೆ ಹೊರಗೆ ಚಾಚಿ, ಬೀಗವನ್ನು ನೇತುಬಿಟ್ಟು ಫ್ಯಾನ್ ಹಾಕಿದೆ. ಜೀವಮಾನದಲ್ಲಿ ನಾನು ಅಷ್ಟು ಹೊತ್ತು ಅಲುಗಾಡದೆ ಇದ್ದದ್ದು ಅದೊಂದೇ ಸಲ.

ಎದ್ದಾಗ ಕೂದಲು ನೆಟ್ಟಗೇ ಇತ್ತು. ಹಪ್ಪಳವೂ ನೆಟ್ಟಗೇ ಇರುತ್ತದೆ. ತಲೆ ತಿರುಗಿಸಿದರೆ ಚಟಚಟ ಸದ್ದು. ಇನ್ನೇನು ಬಂದೇ ಬಿಟ್ಟಿತು, ಸ್ವಲ್ಪ ಕಾವು ಕೊಟ್ಟರೆ ಮೆತ್ತಗಾಗುತ್ತದೆ ಎಂದುಕೊಂಡು ಇಸ್ತ್ರಿಪೆಟ್ಟಿಗೆ ಬಿಸಿ ಮಾಡಿದೆ. ಟವೆಲಿನ ನಡುವೆ ಕೂದಲಿಟ್ಟು ಒತ್ತಿದೆ. ಸುಟ್ಟ ವಾಸನೆ ಬಂತು. ಟವೆಲ್ ಎತ್ತಿದಾಗ ಒಂದು ಹಿಡಿ ಕೂದಲು ಅದರ ಜೊತೆಗೇ ಬಂತು.

ವಾಸನೆಗೆ ಅಜ್ಜಿ ಮೇಲೆ ಬಂದಳು. ನಾನು ನೆಲದ ಮೇಲೆ ಕೂತು ಅಳುತ್ತಿದ್ದೆ. ಅವಳು ಮೊದಲು ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತಳು. ಆಮೇಲೆ ಪಾತ್ರೆಯಲ್ಲಿ ಉಳಿದ ಗಂಜಿಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

"ಎಣ್ಣೆ ಆಕಿದ್ಯಾ?"

"ಇಲ್ಲ ಅಜ್ಜಿ."

"ಎಣ್ಣೆ ಆಕ್ದೆ ಗಂಜಿ ಕೊಟ್ರೆ ನೂಲೇ ತುಂಡಾಯ್ತದೆ ಕಣಮ್ಮಿ. ಅಷ್ಟು ದಿನ ನೋಡ್ದೆ, ಇದೊಂದು ನೋಡ್ನಿಲ್ವಾ ನೀನು?"

ನೋಡಿರಲಿಲ್ಲ. ಯಾವುದನ್ನು ತಾನೇ ಕೊನೆಯವರೆಗೆ ನಿಂತು ನೋಡಿದ್ದೆ ನಾನು? ಅಜ್ಜಿ ಆ ಮಧ್ಯಾಹ್ನ ಮತ್ತೆ ಮಗ್ಗಕ್ಕೆ ಹೋಗಲಿಲ್ಲ. ಬಿಸಿನೀರು, ಎಳ್ಳೆಣ್ಣೆ ತಂದು ನನ್ನ ಹಿಂದೆ ಕೂತಳು. ನೆನೆಸಿ, ಎಣ್ಣೆ ಬಿಟ್ಟು, ಎಳೆಎಳೆಯಾಗಿ ಬಿಡಿಸಿದಳು. ಕಣ್ಣು ಮುಚ್ಚಿಕೊಂಡೇ ಮಗ್ಗದಲ್ಲಿ ತುಂಡಾದ ಎಳೆ ಹುಡುಕುವ ಬೆರಳುಗಳು ಅವು. ನಾನು ಎದ್ದು ಓಡಾಡಲು ಹೊರಟಾಗೆಲ್ಲ ಹೆಗಲ ಮೇಲೆ ಕೈ ಇಟ್ಟು ಕೂರಿಸಿದಳು.

"ನೂಲು ತುಂಡಾದ್ರೆ ಗಂಟಾಕ್ಬೋದು. ಇದುಕ್ಕೆ ಗಂಟಾಕಕ್ಕೆ ಯಾರ್ ಕೈಲೂ ಆಗಲ್ಲ. ಸುಮ್ನೆ ಕುತ್ಗ" ಅಂದಳು.

ದೀಪ ಹಚ್ಚುವ ಹೊತ್ತಿಗೆ ತಲೆ ನನಗೆ ವಾಪಸು ಸಿಕ್ಕಿತು. ಮಾರನೆಯ ದಿನ ಎಣ್ಣೆ ಜಿನುಗುವ ತುರುಬು ಕಟ್ಟಿಕೊಂಡು ಟೌನ್ ಬಸ್ ಹತ್ತಿದೆ. ಅಂಗಡಿಯ ಮ್ಯಾನೇಜರ್ ಹೆಂಗಸು ಕನ್ನಡದಲ್ಲಿ ಮಾತಾಡಿಸಿ ನೋಡಿದಳು, ಲೆಕ್ಕ ಕೇಳಿದಳು, ಆಮೇಲೆ ತುರುಬು ಬಿಚ್ಚಲು ಹೇಳಿದಳು. ಬಿಚ್ಚಿದೆ. "ಕೆಲಸ ಕೊಡ್ತೀನಿ. ಆದ್ರೆ ಕೌಂಟರಲ್ಲಿ ಕೂರಬೇಕಾದ್ರೆ ಈ ತಲೆ ಆಗಲ್ಲ, ಸ್ಟ್ರೈಟ್ ಮಾಡ್ಕೊಂಡು ಬಾ" ಅಂದಳು. ನಾನು ಸರಿ ಅಂದೆ. ನನಗೆ ಆಗ ಬೇಕಾಗಿದ್ದದ್ದು ಕೆಲಸ. ತಲೆಯನ್ನೇ ಬಿಚ್ಚಿಟ್ಟು ಬಾ ಅಂದಿದ್ದರೂ ಸರಿ ಅನ್ನುತ್ತಿದ್ದೆನೇನೋ.

ಅಂದಿನಿಂದ ಕೂದಲು ನೆಟ್ಟಗೆ ಮಾಡುವ ಮಿಷಿನ್ ನನ್ನ ಜೊತೆಗಿದೆ. ಈಗ ಅಂಗಡಿಯ ಹತ್ತಿರದ ಹಾಸ್ಟೆಲಿನಲ್ಲಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ ಕೈ ಪ್ಲಗ್ಗಿಗೆ ಹೋಗುತ್ತದೆ. ಎರಡು ಬಿಸಿ ತಟ್ಟೆಗಳ ನಡುವೆ ಒಂದೊಂದೇ ಹಿಡಿ ಇಟ್ಟು ಎಳೆಯುತ್ತೇನೆ. ಮೋಡವಾದರೆ ಹೆದರಿಕೆ, ಬೆವರಿದರೆ ಹೆದರಿಕೆ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೂ ಹೆದರಿಕೆ. ಗೆಜ್ಜೆ ತೋರಿಸುತ್ತ ಗಿರಾಕಿಯ ಹಿಂದಿನ ಕನ್ನಡಿಯಲ್ಲಿ ನನ್ನ ಹಣೆ ನೋಡಿಕೊಳ್ಳುತ್ತಿರುತ್ತೇನೆ. ಇಷ್ಟು ವರ್ಷವಾದರೂ ನನ್ನ ಕೂದಲು ನನ್ನ ಮಾತು ಕೇಳುತ್ತದೆ ಎಂಬ ನಂಬಿಕೆ ನನಗೆ ಬಂದಿಲ್ಲ.

ಮೊದಮೊದಲು ರಜೆಯ ಭಾನುವಾರಗಳಲ್ಲಿ ತಪ್ಪದೆ ಅಜ್ಜಿಯ ಮನೆಗೆ ಹೋಗುತ್ತಿದ್ದೆ. ಭಾನುವಾರ ಮಿಷಿನ್ ಮುಟ್ಟುತ್ತಿರಲಿಲ್ಲ. ಹಿಂದಿನ ರಾತ್ರಿಯೇ ತಲೆಗೆ ಸ್ನಾನ ಮಾಡಿ ಸುರುಳಿಯನ್ನು ಅದರ ಪಾಡಿಗೆ ಬಿಟ್ಟು ಹೋಗುತ್ತಿದ್ದೆ. ಅಷ್ಟರಲ್ಲಿ ಅಜ್ಜಿಯ ಕಣ್ಣಿಗೆ ಪೊರೆ ಬಂತು, ಕಿವಿ ಮಂದವಾಯಿತು, ಮಗ್ಗ ಮಗನ ಕೈಗೆ ಹೋಯಿತು. ಅವಳಿಗೆ ಉಳಿದದ್ದು ಬೆರಳು. ಮಗನನ್ನು ಅವನ ಗಡಿಯಾರ ಮುಟ್ಟಿ, ಸೊಸೆಯನ್ನು ಬಳೆ ಮುಟ್ಟಿ ಗುರುತು ಹಿಡಿಯುತ್ತಿದ್ದಳು. ನಾನು ಹೋಗಿ ಮುಂದೆ ಕೂತರೆ ತಲೆಯ ಮೇಲೆ ಕೈಯಿಟ್ಟು, "ಬಂದ್ಯಾ ಗುಂಗುರು" ಅನ್ನುತ್ತಿದ್ದಳು. ಆಮೇಲೆ ಹಬ್ಬದ ವ್ಯಾಪಾರ, ಮದುವೆ ಸೀಸನ್ ಅಂತ ಭಾನುವಾರದ ರಜೆ ತಪ್ಪತೊಡಗಿತು. ನಾನೂ ತಪ್ಪಿಸಿಕೊಂಡೆ. ಒಂದು ವರ್ಷ ಹೋಗಲೇ ಇಲ್ಲ.

ಕಳೆದ ತಿಂಗಳು ಅವಳಿಗೆ ಹುಷಾರಿಲ್ಲ ಎಂದು ಮಗ ಫೋನ್ ಮಾಡಿದ. ವಾರದ ನಡುವಿನ ದಿನ. ಒಂದು ಗಂಟೆ ಪರ್ಮಿಷನ್ ಕೇಳಿ ಅಂಗಡಿಯಿಂದ ನೇರ ಹೋದೆ. ಅಜ್ಜಿ ಜಗುಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಅಭ್ಯಾಸದಂತೆ ಮುಂದೆ ಕೂತು ತಲೆ ಬಗ್ಗಿಸಿದೆ. ಅವಳ ಕೈ ನೆತ್ತಿಯಿಂದ ಬೆನ್ನವರೆಗೆ ಜಾರಿ ಹೋಯಿತು. ಎಲ್ಲೂ ತಡೆಯಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು ಸೀರೆಯ ಸೆರಗು ಸರಿಮಾಡಿಕೊಂಡಳು.

"ಯಾರಮ್ಮಾ ನೀಂಗ?" ಅಂದಳು.

ತಮಿಳು. ಅದೂ ಬಹುವಚನ, ನೀನು ಅಲ್ಲ, ನೀವು. ಬೀದಿಯವರಿಗೆ, ಕರೆಂಟ್ ಆಫೀಸಿನವರಿಗೆ ಇಟ್ಟಿದ್ದ ಮಾತು. "ಅಜ್ಜಿ, ನಾನು, ಗುಂಗುರು" ಎಂದು ಕಿವಿಯ ಹತ್ತಿರ ಕೂಗಿದೆ. ಅವಳು ಪಾಪ ಮರ್ಯಾದೆಗೆ ನಕ್ಕಳು. "ಉಕ್ಕಾರುಂಗ, ಪಯ್ಯನ್ ವರುವಾನ್" ಅಂದಳು. ಕೂತಿರಿ, ಹುಡುಗ ಬರುತ್ತಾನೆ.

ನಾನು ಎದ್ದು ಅಂಗಳದ ನಲ್ಲಿಯ ಕೆಳಗೆ ತಲೆ ಒಡ್ಡಿದೆ. ಯೂನಿಫಾರಂ ಸೀರೆ ತೊಯ್ದಿತು. ನೀರು ಸೋಕಿದರೆ ಸುರುಳಿ ಎದ್ದು ಬರುತ್ತದೆ, ಇಷ್ಟು ವರ್ಷ ನಾನು ಹೆದರಿದ್ದೇ ಅದಕ್ಕೆ. ಹಿಂಡಿಕೊಂಡು ಬಂದು ಮತ್ತೆ ಅವಳ ಮುಂದೆ ಕೂತು ಕಾದೆ. ಸುರುಳಿ ಬರಲಿಲ್ಲ. ದಿನವೂ ಸುಟ್ಟ ಮುಂದಿನ ಕೂದಲು ಒದ್ದೆ ನೂಲಿನ ಹಾಗೆ ಜೋತಿತ್ತು. ಅವಳ ಕೈ ಹಿಡಿದು ನಾನೇ ತಲೆಯ ಮೇಲೆ ಇಟ್ಟುಕೊಂಡೆ. ಅವಳು ಬೇಡ ಅನ್ನಲಿಲ್ಲ. ಬೆರಳುಗಳು ಹಣೆಯಲ್ಲಿ ಹುಡುಕಿದವು, ಕಿವಿಯ ಹಿಂದೆ ಹುಡುಕಿದವು, ಮೆಲ್ಲಗೆ ಕತ್ತಿಗೆ ಇಳಿದವು. ಅಲ್ಲಿ, ಮಿಷಿನ್ ಸರಿಯಾಗಿ ಎಟುಕದ ಕಡೆ, ಒಂದು ಹಿಡಿ ಕೂದಲು ಇನ್ನೂ ಸುತ್ತಿಕೊಳ್ಳುತ್ತಿತ್ತು. ಬೆರಳು ಅದರೊಳಗೆ ಹೊಕ್ಕು ನಿಂತಿತು.

"ಎಲ್ಲೋಗಿದ್ದೆ ಇಷ್ಟ್ ದಿನ?" ಅಂದಳು.

ಬ್ಯಾಗಿನಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು, ಅಂಗಡಿಯದು. ನಾನು ಏಳಲಿಲ್ಲ.

ಮಾರನೆಯ ಬೆಳಿಗ್ಗೆ ಮತ್ತೆ ಪ್ಲಗ್ ಹಾಕಿದೆ. ಕೆಲಸ ಬೇಕಲ್ಲ. ಹಣೆಯ ಮೇಲಿನದನ್ನು ಎಳೆದೆ, ಕಿವಿಯ ಪಕ್ಕದ್ದನ್ನು ಎಳೆದೆ. ಕತ್ತಿನ ಹತ್ತಿರದ ಆ ಒಂದು ಹಿಡಿಯನ್ನು ಬೇರೆ ಮಾಡಿ, ಮಿಷಿನ್ ತಾಗದ ಹಾಗೆ ಕ್ಲಿಪ್ ಹಾಕಿ ಎತ್ತಿಟ್ಟೆ. ಎಲ್ಲ ಮುಗಿದ ಮೇಲೆ ಕ್ಲಿಪ್ ತೆಗೆದು ನೆಟ್ಟಗಿನ ಕೂದಲನ್ನು ಅದರ ಮೇಲೆ ಇಳಿಬಿಟ್ಟೆ. ಈಗ ದಿನವೂ ಹಾಗೇ ಮಾಡುತ್ತೇನೆ. ಕೌಂಟರಿನಲ್ಲಿ ಯಾರಿಗೂ ಅದು ಕಾಣುವುದಿಲ್ಲ.