ಅಳತೆಯ ದಾರ

ನಾನು ಚಿಕ್ಕವನಿದ್ದಾಗ ತಿಪಟೂರಿನ ನಮ್ಮ ಕುಲುಮೆಯಲ್ಲಿ ಅಳತೆ ತೆಗೆಯುವ ಕೆಲಸ ಅಕ್ಕನದು. ತೆಂಗಿನಕಾಯಿ ಸುಲಿಯುವವರು ನೆಲದಲ್ಲಿ ನೆಡುವ ಕಬ್ಬಿಣದ ಮೊನೆಯನ್ನು ನಮ್ಮಲ್ಲೇ ಮಾಡಿಸುತ್ತಿದ್ದರು. ಅದು ಅವರವರ ಎತ್ತರಕ್ಕೆ ತಕ್ಕಂತಿರಬೇಕು, ಇಲ್ಲದಿದ್ದರೆ ಸಂಜೆಯೊಳಗೆ ಸೊಂಟ ಹಿಡಿಯುತ್ತದೆ. ಅಕ್ಕ ಅವರನ್ನು ನೆಟ್ಟಗೆ ನಿಲ್ಲಿಸಿ, ನೆಲದಿಂದ ತೊಡೆಯವರೆಗೆ ದಾರ ಹಿಡಿದು ಗಂಟು ಹಾಕುತ್ತಿದ್ದಳು. ಸ್ಕೂಲು ಬಿಟ್ಟ ಹುಡುಗಿಗೆ ಆ ಕೆಲಸವೆಂದರೆ ಪ್ರಾಣ.

ಅಪ್ಪ ಬಂದವರ ಮುಖ ನೋಡುತ್ತಿರಲಿಲ್ಲ, ದಾರವನ್ನೇ ನಂಬುತ್ತಿದ್ದರು. ಅದನ್ನು ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಯ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕಪ್ಪು ಕನ್ನಡಕ ಹಾಕಿಕೊಂಡು ಗ್ಯಾಸ್ ಕಟ್ಟರ್ ಹಚ್ಚುತ್ತಿದ್ದರು. ಕಾರ್ಬೈಡಿನ ಬೆಳ್ಳುಳ್ಳಿಯಂಥ ವಾಸನೆ ಬೀದಿಯವರೆಗೆ ಹರಡುತ್ತಿತ್ತು. ನೀಲಿ ಉರಿ ತಗುಲಿದಲ್ಲಿ ಕಬ್ಬಿಣ ಬೆಲ್ಲದ ಪಾಕದಂತೆ ಕರಗಿ, ಕಿಡಿಗಳು ನೆಲದ ಮೇಲೆ ಪುಟಿಯುತ್ತಿದ್ದವು. ಕತ್ತರಿಸಿದ ತುಂಡು ಕುಲುಮೆಯಲ್ಲಿ ಕೆಂಪಗಾಗಿ, ಅಪ್ಪನ ಸುತ್ತಿಗೆಯಡಿ ಮೊನೆಯಾಗುತ್ತಿತ್ತು.

ಒಂದು ದಿನ ನನ್ನ ಬುಗುರಿಯ ಚಾಟಿ ತುಂಡಾಯಿತು. ಮೊಳೆಗೆ ನೇತುಹಾಕಿದ್ದ ಅಕ್ಕನ ದಾರ ಕಣ್ಣಿಗೆ ಬಿತ್ತು. ದಂಡಿನಶಿವರದ ಉದ್ದನೆಯ ಆಸಾಮಿಯೊಬ್ಬನ ಅಳತೆ ಅದು. ಗಂಟು ಅಡ್ಡ ಬಂತೆಂದು ಬಿಚ್ಚಿ ಆಡಿದೆ. ಆಟ ಮುಗಿದ ಮೇಲೆ ಅಂದಾಜಿನಲ್ಲಿ ಗಂಟು ಹಾಕಿ ಮೊಳೆಗೆ ಸಿಕ್ಕಿಸಿದೆ.

ಸಂತೆಯ ದಿನ ಆ ಮನುಷ್ಯ ಬಂದು ಮೊನೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡ. ಅದು ಅವನ ಮಂಡಿಯಿಂದ ಮೇಲಕ್ಕೆ ಬರಲಿಲ್ಲ.

"ಏನ್ ಆಚಾರ್ರೆ, ಇದು ನಂಗೋ ನಮ್ ಮೊಮ್ಮಗೀಗೋ? ಮಂಡಿಯೂರ್ಕಂಡ್ ಸುಲೀಬೇಕಾಯ್ತದೆ ಕಣ್ರೀ" ಎಂದ.

ಅಪ್ಪ ನಗಲಿಲ್ಲ. ಅಕ್ಕನ ಕಡೆ ತಿರುಗಿ, "ನೀನೇ ಅಲ್ವೇನಮ್ಮ ಗಂಟಾಕಿದ್ದು?" ಎಂದರು.

"ಸರ್ಯಾಗೇ ಹಾಕಿದ್ದೆ ಕಣಪ್ಪ."

"ಮತ್ತೆ ದಾರ ತಾನಾಗೇ ಗಿಡ್ಡ ಆಯ್ತಾ? ಬುಡು, ಇನ್ಮೇಲೆ ಅಳತೆ ನಿನ್ ತಮ್ಮ ತಗೊಳ್ಳಿ."

ನಾನು ಕುಲುಮೆಗೆ ಗಾಳಿಯೂದುವ ತಿದಿಯ ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ನಿಜ ಹೇಳಬೇಕೆಂದರೆ, ಒಳಗೊಳಗೇ ಖುಷಿಯೂ ಆಯಿತು.

ಅಪ್ಪ ಬೇರೆ ಪಟ್ಟಿ ಕತ್ತರಿಸಿ ಹೊಸದು ಬಡಿಯುವಷ್ಟರಲ್ಲಿ ಆ ಮನುಷ್ಯ ನಮ್ಮ ಮನೆಯಲ್ಲೇ ಮುದ್ದೆ, ಹುರುಳಿಕಾಳಿನ ಸಾರು ಉಂಡು ಸಂತೋಷವಾಗಿ ಹೋದ. ಮಾರನೇ ದಿನ ನಾನು ಮೊದಲ ಅಳತೆ ತೆಗೆಯುವಾಗ ಅಕ್ಕ ಹಿಂದೆ ಬಂದು ನಿಂತಳು. "ದಾರ ಜಗ್ಗಬ್ಯಾಡ ಕಣ್ಲಾ. ಹೆಬ್ಬೆಟ್ಟಲ್ಲಿ ಒತ್ತಿ ಹಿಡ್ಕಂಡು ಗಂಟಾಕು" ಎಂದು ಹೇಳಿ ತಿದಿ ಒತ್ತಲು ಹೋದಳು. ಮದುವೆಯಾಗಿ ತುರುವೇಕೆರೆಗೆ ಹೋಗುವವರೆಗೂ ಅವಳು ಮತ್ತೆ ದಾರ ಮುಟ್ಟಲಿಲ್ಲ.

ಆ ಕುಲುಮೆಯಿಂದ ನಾವೆಲ್ಲ ಹೊಟ್ಟೆ ತುಂಬ ಉಂಡೆವು; ಬೇರೆ ಯಾವ ಕೊರಗೂ ನನಗಿಲ್ಲ. ಮಕ್ಕಳೇ, ಈಗ ಅಳತೆಯನ್ನು ಫೋನಿನಲ್ಲೇ ಕಳಿಸುತ್ತೀರಿ, ಕಂಪ್ಯೂಟರು ಹೇಳಿದ ಗೆರೆಯಲ್ಲಿ ಯಂತ್ರ ಕಬ್ಬಿಣ ಕತ್ತರಿಸುತ್ತದೆ. ನಿಮ್ಮಲ್ಲಿ ಹುಡುಗಿ ಟೇಪು ಹಿಡಿದರೆ ಯಾರೂ ಕಿತ್ತುಕೊಳ್ಳುವುದಿಲ್ಲ. ನಿಮ್ಮಷ್ಟು ಓದು ನನಗಿಲ್ಲ. ಇಷ್ಟು ಬರೆಯಲು ನಾಲ್ಕು ದಿನ ಹಿಡಿಯಿತು. ಅಕ್ಕನಿಗೆ ಈಗ ಕಣ್ಣು ಮಂಜು. ದಸರಾ ರಜೆಯಲ್ಲಿ ಅವಳು ಬಂದಾಗ ನಿಮ್ಮಲ್ಲಿ ಒಬ್ಬರು ಇದನ್ನು ಓದಿ ಹೇಳಿ. ನಾನು ಪಕ್ಕದಲ್ಲೇ ಕೂತಿರುತ್ತೇನೆ, ಎದ್ದು ಹೋಗುವುದಿಲ್ಲ.