ಕಾಂತೇಶನಹಳ್ಳಿ ಎಲ್ಲೈತಿ?

ಪರಮೇಶಪ್ಪ ರಿಟೈರ್ ಆದ ಮೇಲೆ ರಾಣೆಬೆನ್ನೂರಿನ ಅವನ ಮನೆಯಲ್ಲಿ ಕೂರಲು ಜಾಗವಿಲ್ಲದಂತಾಯಿತು. ಅರ್ಧ ಆಯುಷ್ಯ ಬಸ್ಸಿನಲ್ಲಿ 'ಮುಂದ ಸರೀರಿ, ಮುಂದ ಸರೀರಿ' ಎಂದು ಜನರನ್ನು ಒತ್ತರಿಸಿದ ಕಂಡಕ್ಟರು ಈಗ ಹೆಂಡತಿ ಮೀನಾಕ್ಷಿಯನ್ನೇ ಮಂಚದಿಂದ ಸರಿಸಿದ್ದ. ಮಂಚದ ತುಂಬ ಹಳೇ ಫೋಟೋ, ಲಗ್ನಪತ್ರಿಕೆ, ಹೊಲದ ಉತಾರ, ಜಾತಕ, ಯಾರದೋ ಏಳನೇ ಇಯತ್ತೆಯ ಮಾರ್ಕ್ಸ್ ಕಾರ್ಡು. ಒಂದೊಂದನ್ನೂ ಸ್ಕ್ಯಾನರಿನ ಮೇಲೆ ಜೋಪಾನವಾಗಿ ಮಲಗಿಸಿ, ಕಂಪ್ಯೂಟರಿಗೆ ಏರಿಸಿ, ಹೆಸರು ಕೊಟ್ಟು, ಅದರದರ ಫೋಲ್ಡರಿನಲ್ಲಿ ಕೂರಿಸುತ್ತಿದ್ದ. ಮನೆತನದ ಬಸ್ಸು ಹೊರಟಿದೆ, ಒಬ್ಬರೂ ಕೆಳಗೆ ಉಳಿಯಬಾರದು ಎನ್ನುವುದು ಅವನ ಹಟ.

ಸತ್ತವರಿಗೆಲ್ಲ ಸೀಟು ಸಿಕ್ಕಿತು, ತನಗೆ ಮಾತ್ರ ಅಡ್ಡಾಗಲು ಜಾಗವಿಲ್ಲ ಎಂದು ಮೀನಾಕ್ಷಿ ಗೊಣಗುತ್ತಿದ್ದಳು. ಹಾಗೆ ಗೊಣಗುತ್ತಲೇ, ಯಾರ ಮನೆಯಿಂದಲಾದರೂ ಹೊಸದೊಂದು ಹಳೇ ಫೋಟೋ ಬಂದರೆ ಕನ್ನಡಕ ಏರಿಸಿಕೊಂಡು ಮೊದಲು ಓಡಿಬರುತ್ತಿದ್ದವಳೂ ಅವಳೇ. ಫೋಟೋದಲ್ಲಿದ್ದ ಮೂಗು ಇನ್ಯಾರ ಮೂಗು ಎಂದು ಇಬ್ಬರೂ ಜಗಳಾಡುತ್ತ ತಟ್ಟೆಯ ಅನ್ನ ಆರಲು ಬಿಟ್ಟ ದಿನಗಳೂ ಉಂಟು.

ವಂಶವೃಕ್ಷ ಪರದೆಯ ಮೇಲೆ ದಿನದಿನಕ್ಕೂ ಹಬ್ಬುತ್ತಿತ್ತು. ಆದರೆ ನಟ್ಟನಡುವೆ, ಅಜ್ಜ ಗೋಣೆಪ್ಪನ ಪಕ್ಕ, ಒಂದು ಚೌಕ ಮಾತ್ರ ಖಾಲಿ. ಅದು ಅಜ್ಜಿಯದು. ಹೆತ್ತ ತಾಯಿ ಬಾಣಂತನದಲ್ಲೇ ತೀರಿಕೊಂಡಾಗ ಹಸುಗೂಸು ಪರಮೇಶಪ್ಪನನ್ನು ಮಡಿಲಿಗೆ ಹಾಕಿಕೊಂಡು ಸಾಕಿದವಳು ಅವಳು. ಮನೆಯವರಿಗೆ ಆಯಿ, ಓಣಿಯವರಿಗೂ ಆಯಿ. ಅವನು ಶಾಲೆಗೆ ಸೇರಿದ ವರ್ಷ ತೀರಿಹೋದಳು. ಕಾಗದಗಳನ್ನು ಜಾಲಾಡಿದರೆ ಸಿಕ್ಕಿದ್ದು 'ಗೋಣೆಪ್ಪನ ಹೆಂಡತಿ' ಎಂಬಷ್ಟೇ. ತನಗೆ ತುತ್ತು ಕೊಟ್ಟ ಕೈಗೆ ಹೆಸರೇ ಇಲ್ಲವೆಂದರೆ ಈ ಸ್ಕ್ಯಾನರು, ಈ ಫೋಲ್ಡರು ಎಲ್ಲ ಯಾವ ಸಂಭ್ರಮಕ್ಕೆ ಎಂದು ಅವನು ಮೀನಾಕ್ಷಿಯ ಮುಂದೆ ಹಲುಬುತ್ತಿದ್ದ.

ಅವನಿಗೆ ತಿಳಿದಂತೆ ಆ ಹೆಸರು ಬಲ್ಲ ಜೀವ ಇನ್ನು ಒಂದೇ ಉಳಿದಿತ್ತು. ಕದರಮಂಡಲಗಿಯ ದೊಡ್ಡವ್ವ, ಅವನ ದೊಡ್ಡಪ್ಪನ ಹೆಂಡತಿ, ಆಯಿಯ ಹಿರೇಸೊಸೆ. ತೊಂಬತ್ತರ ಹತ್ತಿರದ ಮುದುಕಿ. ಹಲ್ಲು ಹೋಗಿದ್ದವು, ನೆನಪು ಹೋಗಿರಲಿಲ್ಲ. ಆದರೆ ದೇವರ ಚೇಷ್ಟೆ ನೋಡಿ, ಹೆಸರು ಗೊತ್ತಿದ್ದವಳೇ ಹೆಸರು ಹೇಳಬಾರದವಳು. ಆ ಕಾಲದ ಸೊಸೆ ಗಂಡನ ಹೆಸರನ್ನಾಗಲಿ ಅತ್ತೆಮಾವಂದಿರ ಹೆಸರನ್ನಾಗಲಿ ಬಾಯಿಬಿಟ್ಟು ಆಡುವಂತಿಲ್ಲ. ಗಂಡನ ಹೆಸರನ್ನಾದರೂ ಮದುವೆಮನೆಯಲ್ಲಿ ಒಡಪಿನ ಪದ್ಯದೊಳಗೆ ಸೇರಿಸಿ ಹೇಳಬಹುದು. ಅತ್ತೆಯ ಹೆಸರಿಗೆ ಆ ಸವಲತ್ತೂ ಇಲ್ಲ.

ಪರಮೇಶಪ್ಪ ಬಿಡುವವನೇ? ಮೊಬೈಲಿನಲ್ಲಿ ರೆಕಾರ್ಡಿಂಗ್ ಹಚ್ಚಿ ಅವಳ ಮುಂದೆ ಕೂತ. ದೊಡ್ಡವ್ವ ಅಂಗಳದಲ್ಲಿ ಕಾಲು ಚಾಚಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಇಡೀ ಮಧ್ಯಾಹ್ನ ಮಾತಾಡಿದಳು. ಈಯುವ ಎಮ್ಮೆ, ಸತ್ತ ಎತ್ತು, ಪಕ್ಕದ ಮನೆಯವರ ಜಗಳ, ಯಾವುದನ್ನೂ ಬಿಡಲಿಲ್ಲ. ಆಯಿಯ ಹೆಸರು ಕೇಳಿದ ಕೂಡಲೇ ಮುಖ ಗಂಟಾಯಿತು.

"ಅತ್ತೀ ಹೆಸರು ಸೊಸಿ ಹೇಳ್ತಾಳೇನೋ? ಕೇಳಾಕರ ನಿನಗ ಬುದ್ಧಿ ಬ್ಯಾಡಾ?"

ಕಿವಿಯಲ್ಲಿ ಹೇಳು ಎಂದ. ಕಿವಿಯಲ್ಲಿ ಹೇಳಿದರೂ ಹೇಳಿದಂತೆಯೇ ಎಂದಳು. ಬರೆದು ತೋರಿಸು ಎಂದ. ಅವಳಿಗೆ ಅಕ್ಷರ ಬಾರದು. ಇವನ ಮುಖ ಬಾಡಿದ್ದನ್ನು ನೋಡಿ ಕೊನೆಗೆ ಅವಳಿಗೇ ಕರುಳು ಚುರ್ ಎಂದಿತು. ಆಯಿಯ ತವರು ಕಾಂತೇಶನಹಳ್ಳಿ, ಅಲ್ಲಿ ಅವಳ ಅಣ್ಣತಮ್ಮಂದಿರ ಮಕ್ಕಳು ಮೊಮ್ಮಕ್ಕಳು ಯಾರಾದರೂ ಇದ್ದೇ ಇರುತ್ತಾರೆ, ತವರಿನವರಿಗೆ ಹೆಸರು ಹೇಳಲು ಏನಡ್ಡಿ, ಹೋಗಿ ಕೇಳು ಎಂದಳು.

ಪರಮೇಶಪ್ಪನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮನೆಗೆ ಬಂದವನೇ ಆಯಿಯ ಖಾಲಿ ಚೌಕದ ಕೆಳಗೆ 'ತವರು: ಕಾಂತೇಶನಹಳ್ಳಿ' ಎಂದು ಟೈಪ್ ಮಾಡಿದ. ಆಮೇಲೆ ಮೊಬೈಲಿನ ಮ್ಯಾಪು ತೆಗೆದ. ಅಂಥ ಊರೇ ಇಲ್ಲ. ಹಾವೇರಿಯಿಂದ ಹರಿಹರದವರೆಗೆ ಕಣ್ಣುಮುಚ್ಚಿ ಸ್ಟಾಪು ಹೇಳಬಲ್ಲ ಕಂಡಕ್ಟರಿಗೆ ಇದು ಮಾನದ ಪ್ರಶ್ನೆಯಾಯಿತು. ತನ್ನ ಜೋಡಿ ಬಸ್ಸು ಓಡಿಸಿದ್ದ ಡ್ರೈವರ್ ಡಾಕಪ್ಪನಿಗೆ ಫೋನ್ ಹಚ್ಚಿದ. ನಿನಗೆ ರಿಟೈರ್ಮೆಂಟು ತಲೆಗೆ ಏರಿದೆ ಎಂದು ಡಾಕಪ್ಪ ನಕ್ಕ. ಮ್ಯಾಪಿಗೆ ಏನು ತಿಳಿಯುತ್ತದೆ, ಎಲ್ಲೋ ಹಾಳುಬಿದ್ದ ಊರಿರಬೇಕು ಎಂದು ಇವನು ಮರುದಿನ ಬೆಳಗ್ಗೆಯೇ ಬೈಕು ಹತ್ತಿದ.

ಬ್ಯಾಡಗಿಯಲ್ಲಿ ಕೇಳಿದ, ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ. ಹೊಸ ಕಂಡಕ್ಟರುಗಳು ತಲೆ ಅಲ್ಲಾಡಿಸಿದರು. ಹೊಸರಿತ್ತಿ ರಸ್ತೆಯ ಒಂದು ಚಹಾದಂಗಡಿಯ ಮುದುಕ ಮಾತ್ರ ಸಮಾಧಾನದಿಂದ ಕೇಳಿಸಿಕೊಂಡು, ಈ ಭಾಗದಲ್ಲಿ ಕಾಂತೇಶನಹಳ್ಳಿ ಇಲ್ಲ, ಹನುಮಪ್ಪನ ಹೆಸರಿನ ಊರೇ ಬೇಕೆಂದರೆ ಮುಂದೆ ಹನುಮನಹಳ್ಳಿ ಇದೆ ನೋಡಿ ಎಂದ.

ಪರಮೇಶಪ್ಪ ಎತ್ತಿದ ಕಪ್ಪನ್ನು ಬಾಯಿಗೆ ಒಯ್ಯಲಿಲ್ಲ. ಕದರಮಂಡಲಗಿಯ ಗುಡಿಯ ಹನುಮಪ್ಪನಿಗೆ ಕಾಂತೇಶ ಎಂದೇ ಹೆಸರು, ಊರಿಗೆ ಊರೇ ಹಾಗೆ ಕರೆಯುತ್ತದೆ. ದೊಡ್ಡವ್ವನೂ ಹಾಗೆ ಕರೆದರೆ ಯಾರಿಗೆ ಏನನ್ನಿಸಬೇಕು? ಆದರೆ ಊರಿನ ಹೆಸರನ್ನೂ ಬದಲಿಸುವುದುಂಟೆ? ಮೊಬೈಲು ತೆಗೆದು ಕಿವಿಗೆ ಹಚ್ಚಿ ಅವಳ ರೆಕಾರ್ಡಿಂಗನ್ನು ಅಲ್ಲೇ ಕೇಳತೊಡಗಿದ. ಅವಳ ಪಕ್ಕದ ಮನೆಯವನು ಹನುಮಂತಪ್ಪ, ಬಾಗಿಲ ಮೇಲಿನ ಹೆಸರನ್ನು ಇವನೇ ಓದಿದ್ದ. ದೊಡ್ಡವ್ವ ಅವನನ್ನು ಕಾಂತೇಶಣ್ಣ ಅನ್ನುತ್ತಿದ್ದಳು. ಮಾತಿನ ತುಂಬ ಕಾಂತೇಶಣ್ಣ, ಕಾಂತೇಶನ ಓಣಿ, ಕಾಂತೇಶನಹಳ್ಳಿ. ಹನುಮ ಎಂಬ ಶಬ್ದ ಒಮ್ಮೆಯೂ ಅವಳ ನಾಲಗೆಯ ಮೇಲೆ ಬಂದಿರಲಿಲ್ಲ. ಇವನೋ, ಇಲ್ಲದ ಕಾಂತೇಶಪ್ಪನೊಬ್ಬನನ್ನು ಹುಟ್ಟಿಸಿ 'ನೆರೆಯವರು' ಫೋಲ್ಡರಿನಲ್ಲಿ ಕೂರಿಸಿ ಬಂದಿದ್ದ!

ಹನುಮನಹಳ್ಳಿಗೆ ಹೋಗಿ ಖಾತ್ರಿ ಮಾಡಿಕೊಳ್ಳಬೇಕೆಂಬ ಬುದ್ಧಿಯೂ ಉಳಿಯಲಿಲ್ಲ. ಚಹಾ ಬಿಟ್ಟು, ಹೆಲ್ಮೆಟ್ಟೂ ಬಿಟ್ಟು ಬೈಕು ತಿರುಗಿಸಿದ. ಮುದುಕ ಹಿಂದಿನಿಂದ ಕೂಗಿದ್ದು ಅವನಿಗೆ ಕೇಳಿಸಲೂ ಇಲ್ಲ.

ದೊಡ್ಡವ್ವ ಅದೇ ಅಂಗಳದಲ್ಲಿ, ಅದೇ ಮೆಣಸಿನಕಾಯಿಯ ಮುಂದೆ ಕಾಲು ಚಾಚಿ ಕೂತಿದ್ದಳು. ಇವನು ಎದುರಿಗೆ ಕುಕ್ಕರಿಸಿ ಉಸಿರು ಹಿಡಿದುಕೊಂಡ.

"ದೊಡ್ಡವ್ವ, ನೀ ಏನೂ ಹೇಳಬ್ಯಾಡ. ನಾನ ಹೇಳ್ತೇನಿ. ಆಯಿ ಹೆಸರು ಹನುಮವ್ವ."

ಮುದುಕಿ ಚಾಚಿದ ಕಾಲನ್ನು ಲಗುಬಗೆಯಿಂದ ಒಳಗೆಳೆದುಕೊಂಡಳು. ಸೆರಗನ್ನು ನೆತ್ತಿಯ ಮೇಲೆ ಎಳೆದು ತಲೆ ತಗ್ಗಿಸಿದಳು. ಅತ್ತೆ ಒಳಗಿನಿಂದ ಬಂದು ಎದುರು ನಿಂತಾಗ ಸೊಸೆ ಹೇಗೆ ಕೂರಬೇಕೋ ಹಾಗೆ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಕಣ್ಣಲ್ಲಿ ನೀರು ತುಂಬಿತು.

"ಆ ಹೆಸರು ಕಿವಿಗೆ ಬಿದ್ದು ಎಷ್ಟ ವರ್ಷ ಆತೋ. ಇನ್ನೊಮ್ಮೆ ಅನ್ನು."

ಅಂದ. ಮತ್ತೂ ಒಮ್ಮೆ ಅಂದ. ಅನ್ನುತ್ತಲೇ ಮೊಬೈಲಿನಲ್ಲಿ ವಂಶವೃಕ್ಷ ತೆರೆದು ಆ ಖಾಲಿ ಚೌಕದಲ್ಲಿ ಹನುಮವ್ವ ಎಂದು ಬರೆದ. ಅಳುವೋ ನಗುವೋ ಅವನಿಗೇ ತಿಳಿಯದಂಥ ಖುಷಿ. ಪರದೆಯನ್ನು ದೊಡ್ಡದು ಮಾಡಿ, ಇದು ಅಜ್ಜ, ಇದು ಆಯಿ, ಇದು ದೊಡ್ಡಪ್ಪ ಎಂದು ಬೆರಳಿಟ್ಟು ತೋರಿಸುತ್ತ ಹೋದ. ದೊಡ್ಡವ್ವ ಬಗ್ಗಿ ನೋಡಿ, ತಾನೆಲ್ಲಿದ್ದೇನೆ ಎಂದು ಕೇಳಿದಳು. ದೊಡ್ಡಪ್ಪನ ಪಕ್ಕದ ಚೌಕ ತೋರಿಸಿದ. ಅದರಲ್ಲಿ ಏನು ಬರೆದಿದ್ದೀ ಎಂದಳು.

"ದೊಡ್ಡವ್ವ" ಎಂದು ಓದಿದ.

"ಅದು ನೀ ಕರಿಯೂದು. ನನ್ನ ಹೆಸರೇನು?"

ಪರಮೇಶಪ್ಪ ಎಲ್ಲೋ ಕೇಳಿದ್ದ, ನಾಲಗೆಗೆ ಬರಲಿಲ್ಲ. ಹುಟ್ಟಿದಾಗಿನಿಂದ ದೊಡ್ಡವ್ವ ಎಂದದ್ದೇ. ದಿಕ್ಕು ತೋಚದೆ ಬಾಗಿಲ ಕಡೆ ನೋಡಿದ. ಅಲ್ಲಿ ದೊಡ್ಡವ್ವನ ಸೊಸೆ ಕಾವೇರಿ ಚಹಾ ಹಿಡಿದು ನಿಂತಿದ್ದಳು. ಅವಳು ತುಟಿ ಬಿಗಿದುಕೊಂಡು ನೆಲ ನೋಡಿದಳು.

"ಅಕೀನ್ನ ಕೇಳಬ್ಯಾಡ. ಅಕೀನೂ ನಿನ್ನ ಊರೂರು ತಿರುಗಸ್ತಾಳ" ಎಂದಳು ಮುದುಕಿ. "ನಾ ಇರೂತನ ಬರಕೋ. ಮಂಗಳವ್ವ."

ಅವನು ಬರೆದು, ಗಟ್ಟಿಯಾಗಿ ಓದಿ ಹೇಳುವವರೆಗೂ ಅವಳು ಮೆಣಸಿನಕಾಯಿಗೆ ಕೈ ಹಾಕಲಿಲ್ಲ.