ಕಾಕಾರ ಹೊಟ್ಟೆ ಹೋದ ದಾರಿ

ಕೊಪ್ಪಳದ ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ನಡೆಯುವವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮ ಕಾಕಾ!

ಯಲಬುರ್ಗಾದಲ್ಲಿ ಕುರ್ಚಿ ಬಿಟ್ಟೇಳದ ಸರ್ಕಾರಿ ನೌಕರಿ ಅವರದು. ಹರ್ನಿಯಾ ಆಪರೇಷನ್ ಆಗಬೇಕು. ಕೆಮ್ಮು ಬಂದರೂ ಕೈ ತಾನಾಗಿ ನೋವಿನ ಜಾಗಕ್ಕೆ ಹೋಗುತ್ತದೆ. ಆದರೆ ತೂಕ ಇಳಿಯದೆ ಆಪರೇಷನ್ ಮಾಡುವುದಿಲ್ಲ ಎಂದು ಡಾಕ್ಟರ್ ಖಡಕ್ಕಾಗಿ ಹೇಳಿದ್ದರು. ಅದಕ್ಕೇ ಹುಣ್ಣಿಮೆ ಬಂದರೆ ಕೊಪ್ಪಳದಿಂದ ಹುಲಿಗೆಮ್ಮನ ಗುಡಿಯಿರುವ ಹುಲಿಗಿಗೆ ಪಾದಯಾತ್ರೆ. ಸ್ವೆಟರ್ ಏಕೆ? ಬೆವರಿದಷ್ಟೂ ಕೊಬ್ಬು ಕರಗಿ ಹರಿಯುತ್ತದಂತೆ.

ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ನನಗೆ ಅಂಟಿದ ಚಾಳಿ ಒಂದೇ, ಪುರಾವೆ ಕೇಳುವುದು. ಈ ಸಲ ನಾನೂ ಜೊತೆಗೆ ಹೊರಟೆ.

ಕಾಕಾ ಅರ್ಧ ಓಟದಲ್ಲೇ ನಡೆದರು. ಗಿಣಿಗೇರಿ ಬರುವಷ್ಟರಲ್ಲಿ ಏದುಸಿರು. ಯಾತ್ರಿಕರಿಗೆಂದು ಭಕ್ತರು ಹಾಕಿದ ಟೆಂಟಿನಲ್ಲಿ ಕುಸಿದು ಕುಳಿತು ಶಿರಾ, ಮಿರ್ಚಿ ಭಜಿ, ಮೇಲೊಂದು ಸಕ್ಕರೆ ಚಹಾ. (ಬೇಡ ಎಂದರೆ ಹುಲಿಗೆಮ್ಮ ಮುನಿಯುತ್ತಾಳಂತೆ.) ಪ್ರತಿ ಹುಣ್ಣಿಮೆ ಇಲ್ಲಿಂದ ಮುಂದೆ ಆಟೋ. ಅಂದರೆ ಹೊಟ್ಟೆ ಇದ್ದಲ್ಲೇ, ಹರ್ನಿಯಾನೂ ಇದ್ದಲ್ಲೇ.

“ಬೆವರಿನ್ಯಾಗ ಹೋಗೂದು ನೀರು ಕಾಕಾ. ಕೊಬ್ಬು ಮೂಗಿನ್ಯಾಗ ಹೋಗತೈತಿ.”

ಕಾಕಾ ಕಪ್ ಕೆಳಗಿಟ್ಟರು. “ಹಂಗಿದ್ರ ಮನ್ಯಾಗ ಕುಂತಽ ಉಸಿರಾಡತೀನಿ ಬಿಡು. ಹುಲಿಗಿ ತನಕ ಯಾಕ ಬರ್ಬೇಕು?”

ವಾದ ಬಲವಾಗಿಯೇ ಇತ್ತು. ಉತ್ತರ ಕೊಡಲೇಬೇಕಾಯಿತು.

ಕುಳಿತ ದೇಹ ಉರಿಸುವುದೇ ಕಡಿಮೆ. ಓಡುವ ಕಾಲು ಬೇಗ ಉರಿಯುವ ಸಕ್ಕರೆಯನ್ನು ಕೇಳುತ್ತದೆ. ದೇಹದಲ್ಲಿ ಅದರ ದಾಸ್ತಾನು ಸಣ್ಣದು. ಮಾತಾಡುತ್ತ ನಡೆಯುವ ವೇಗದಲ್ಲಿ ಆಮ್ಲಜನಕಕ್ಕೆ ಬರವಿಲ್ಲ. ಆಗ ದೇಹ ಕೊಬ್ಬಿನ ಉಗ್ರಾಣದ ಬಾಗಿಲನ್ನು ಅಗಲವಾಗಿ ತೆರೆಯುತ್ತದೆ. ಸ್ನಾಯುವಿನೊಳಗೆ ಕೊಬ್ಬು ಉರಿಯುತ್ತದೆ. ಜ್ವಾಲೆ ಇಲ್ಲ, ಹೊಗೆ ಇಲ್ಲ. ಕೊನೆಗೆ ಸ್ವಲ್ಪ ನೀರಾಗಿ, ಬಹುಪಾಲು ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಗೆ! ಮೊದಲ ಸಲ ಓದಿದಾಗ ನಾನೂ ನಂಬಿರಲಿಲ್ಲ. ತಪ್ಪು ಹುಡುಕಲು ಕೂತೆ. ಸಿಗಲಿಲ್ಲ. ವಾದದಲ್ಲಿ ಸೋತು ಖುಷಿಪಟ್ಟಿದ್ದು ಅದೇ ಮೊದಲು.

ಕಾಕಾ ಸ್ವೆಟರ್ ಬಿಚ್ಚಿ ನನ್ನ ಹೆಗಲಿಗೆ ಹಾಕಿದರು. ಆಫೀಸಿನವರನ್ನೆಲ್ಲ ಒಬ್ಬೊಬ್ಬರಾಗಿ ಬೈಯುತ್ತ ನಿಧಾನ ನಡೆದರು. ಆಟೋಗಳು ಹಾರ್ನ್ ಹೊಡೆದು ಕರೆದು ಸುಸ್ತಾದವು. ಹುಲಿಗಿ ಗುಡಿಯ ಮುಂದೆ ನಿಂತು ನನ್ನ ಮುಖಕ್ಕೆ ಉದ್ದ ಉಸಿರು ಬಿಟ್ಟರು.

“ಹಿಡಿ, ನನ್ನ ಹೊಟ್ಟಿ.”

(ಒಂದು ನಡಿಗೆಗೆ ಯಾರ ಹೊಟ್ಟೆಯೂ ಇಳಿಯುವುದಿಲ್ಲ. ಉರಿಸಿದ್ದನ್ನು ಶಿರಾದಲ್ಲಿ ವಾಪಸ್ ತುಂಬಿಕೊಂಡರಂತೂ ಇಲ್ಲವೇ ಇಲ್ಲ.) ಆಮೇಲೆ ದಿನಾ ಬೆಳಿಗ್ಗೆ ಯಲಬುರ್ಗಾದ ಕುಷ್ಟಗಿ ರಸ್ತೆಯಲ್ಲಿ ಅದೇ ನಡಿಗೆ, ಅದೇ ಬೈಗುಳ. ಕಳೆದ ವಾರ ಡಾಕ್ಟರ್ ತೂಕ ನೋಡಿ ಆಪರೇಷನ್ನಿಗೆ ದಿನ ಕೊಟ್ಟರು.

ಆ ರಸ್ತೆಯ ಎರಡೂ ಕಡೆ ಎರೆಹೊಲದ ಜೋಳ ತೆನೆ ಬಿಟ್ಟಿದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡೇ ಅದರ ಊಟ.

ಈ ಸುಗ್ಗಿಯ ರೊಟ್ಟಿಯಲ್ಲಿ ನಮ್ಮ ಕಾಕಾರ ಹೊಟ್ಟೆ ಎಷ್ಟಿದೆ ಅಂತೀರಿ?